ಒಗರು ಅನ್ನಬೇಡಿ, ಟ್ಯಾನಿನ್ ಅನ್ನಿ

ಗೋಕರ್ಣದಿಂದ ಕಾರವಾರದವರೆಗೆ ಯಾವ ರೆಸಾರ್ಟಿನಲ್ಲೇ ಆಗಲಿ, ವೈನ್ ರುಚಿ ನೋಡುವ ಸಂಜೆಗೆ ಹೊರಟವರು ಚಪ್ಪಲಿಯ ಜೊತೆ ಕನ್ನಡವನ್ನೂ ಹೊರಗೇ ಬಿಡಬೇಕು. ಕೆಂಪು ವೈನಿನ ಗುಟುಕಿಗೆ ಒಸಡು ಬಿಗಿದು ನಾಲಿಗೆ ಒಣಗಿದರೆ ‘ಒಗರು’ ಎಂದೀರಿ, ಜೋಕೆ! ‘ಟ್ಯಾನಿನ್ ಚೆನ್ನಾಗಿ ಕೂತಿದೆ’ ಎನ್ನಬೇಕು. ದ್ರಾಕ್ಷಿಯ ಸಿಪ್ಪೆ-ಬೀಜದಿಂದ ಇಳಿದ ಆ ಒಗರೂ ಶಿರಸಿಯ ಅಂಗಳದಲ್ಲಿ ಅಡಿಕೆ ಬೇಯುವ ಹಂಡೆಯ ಚೊಗರೂ ಒಂದೇ ಕುಲದವು. ಏನು ಮಾಡುವುದು, ಹಂಡೆಗೆ ಹಿಡಿದು ತಿರುಗಿಸಲು ಗಾಜಿನ ಕಾಲಿಲ್ಲ.

ಕೆಂಪು-ಬಿಳಿ ಲೆಕ್ಕವೂ ಘಟ್ಟದ ಮೇಲಿನವರಿಗೆ ಹೊಸದಲ್ಲ. ಸಿಪ್ಪೆ ಸಮೇತ ಹುಳಿಬಂದರೆ ಕೆಂಪು ವೈನ್, ಹಿಂಡಿದ ರಸವಷ್ಟೇ ಹುಳಿಬಂದರೆ ಬಿಳಿ. ಹಸಿ ಅಡಿಕೆ ಸುಲಿದು ಚೊಗರಿನಲ್ಲಿ ಬೇಯಿಸಿದರೆ ಕೆಂಪಡಿಕೆ, ಹಣ್ಣಡಿಕೆ ಒಣಗಿಸಿ ಸುಲಿದರೆ ಚಾಲಿ. ವ್ಯಾಪಾರಿ ಅಡಿಕೆ ಒಡೆದು ನೋಡಿ ‘ರಾಶಿ’, ‘ಬೆಟ್ಟೆ’, ‘ಕೋಕಾ’ ಎಂದು ಒಂದೇ ಮಾತಿಗೆ ದರ್ಜೆ ಹೇಳಿ ಮುಗಿಸುತ್ತಾನೆ. ವೈನಿಗಾದರೆ ಬ್ಲ್ಯಾಕ್‌ಕರಂಟ್ ಹಣ್ಣು, ಹಳೇ ಚರ್ಮ, ಮಳೆಗೆ ನೆನೆದ ಕಲ್ಲು ಇವುಗಳ ವಾಸನೆಯೆಲ್ಲ ಬೇಕು. ನೇರಳೆ, ಕವಳಿ, ಮುರುಗಲು ತಿಂದು ಬೆಳೆದ ನಾಲಿಗೆಗಳು ಜನ್ಮದಲ್ಲಿ ಕಾಣದ ಬ್ಲ್ಯಾಕ್‌ಕರಂಟನ್ನು ಥಟ್ಟನೆ ಗುರುತಿಸುತ್ತವೆ!

2001ರಲ್ಲಿ ಪ್ರಕಟವಾದ, ಫ್ರಾನ್ಸಿನ ಬೋರ್ಡೋದ ಪ್ರಯೋಗವೊಂದರಲ್ಲಿ 54 ಮಂದಿ ವೈನ್ ವಿದ್ಯಾರ್ಥಿಗಳಿಗೆ ಬಿಳಿ ವೈನಿಗೇ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟಿದ್ದರು. ಅವರು ಕೆಂಪು ವೈನಿನ ಪದಗಳನ್ನೇ ಬರೆದುಕೊಟ್ಟರು. ಮೂಗು ಕಣ್ಣಿನ ಗುಮಾಸ್ತ. ಸಾಹೇಬರು ಹೇಳಿದ್ದನ್ನು ಬರೆದುಕೊಳ್ಳುತ್ತದೆ.

ಶಿರಾಜ್ ವೈನಿನಲ್ಲಿ ಕಾಳುಮೆಣಸಿನ ಘಮ ಬರುವುದು ಮಾತ್ರ ಸುಳ್ಳಲ್ಲ. ಅದು ರೊಟಂಡೋನ್ ಎಂಬ ರಾಸಾಯನಿಕದ್ದು, ತೋಟದ ಮರಕ್ಕೆ ಹಬ್ಬಿದ ಮೆಣಸಿನಲ್ಲಿರುವುದೂ ಅದೇ. ಸುಮಾರು ಐವರಲ್ಲಿ ಒಬ್ಬರ ಮೂಗಿಗೆ ಅದು ತಾಗುವುದೇ ಇಲ್ಲ, ಎಲ್ಲರಿಗಿಂತ ಜೋರಾಗಿ ತಲೆಯಾಡಿಸುವವರು ಅವರೇ. ಮನೆಯ ಸಾರಿನಲ್ಲಿ ಅದೇ ಘಮ ಬಂದರೆ ‘ಮೆಣಸು ಜಾಸ್ತಿಯಾತು’ ಎಂದು ಬಟ್ಟಲು ದೂಡುತ್ತಾರೆ.

ಇನ್ನು ‘ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲೇ ಕುಡಿಯಬೇಕು’ ಎಂಬ ಮಂತ್ರ. ಯಾವ ಕೋಣೆ ಮಾರಾಯ್ರೆ? ಫ್ರಾನ್ಸಿನ ಕಲ್ಲುಮನೆಯ 16–18 ಡಿಗ್ರಿಯ ಕೋಣೆ. ಮೇ ತಿಂಗಳ ಕಾರವಾರದ ಕೋಣೆ 30 ದಾಟಿರುತ್ತದೆ. ಹಣ್ಣಿನ ವಾಸನೆಗಿಂತ ಮೊದಲು ಸ್ಪಿರಿಟ್ಟೇ ಮೂಗಿಗೆ ಹೊಡೆಯುತ್ತದೆ. ಬಾಟಲಿಯನ್ನು ಐಸು ಹಾಕಿದ ನೀರಿನಲ್ಲಿ 15 ನಿಮಿಷ ಇಟ್ಟರೆ ಸಾಕು, ಆದರೆ ಹಾಗೆ ಕೇಳಿದವನು ಹಳ್ಳಿಗಮಾರ. ಬಿಳಿಯದು 8–12 ಡಿಗ್ರಿಯಲ್ಲಿರಬೇಕು, ಅದನ್ನು ಮರಗಟ್ಟುವಷ್ಟು ತಣ್ಣಗೆ ಕೊಡುತ್ತಾರೆ. ಅಷ್ಟು ತಣ್ಣಗಾದರೆ ಘಮವೂ ಏಳದು, ದೋಷವೂ ಕಾಣದು. ಜೊತೆಗೆ ಬಂಗಡೆ ಫ್ರೈ. ಕೆಂಪು ವೈನಿನ ಕಬ್ಬಿಣದ ಅಂಶ ಮೀನೆಣ್ಣೆಗೆ ತಾಗಿದೊಡನೆ ಬಾಯೆಲ್ಲ ಹಳಸಲು ಮೀನಿನ ವಾಸನೆ. ಬೈಗುಳ ಬಡಪಾಯಿ ಬಂಗಡೆಗೆ.

ಕಸುಬಿನವರು ಗ್ಲಾಸಿನ ಮೂರನೇ ಒಂದು ಪಾಲಷ್ಟೇ ಸುರಿಸಿಕೊಂಡು, ಬಾಯಲ್ಲಿ ಆಡಿಸಿ, ಉಗುಳುತ್ತಾರೆ. ದುಡ್ಡು ಕೊಟ್ಟವರು ಉಗುಳುತ್ತಾರೆಯೇ? ಆರನೇ ಗ್ಲಾಸಿಗೆ ಎಲ್ಲ ವೈನೂ ಅಮೋಘ. ಮೇಜಿನ ಮೇಲಿನ ಸ್ಟೀಲ್ ಬಕೆಟ್ಟು ಒಣಗಿಯೇ ಇರುತ್ತದೆ. ಅದನ್ನು ಗುರಿ ತಪ್ಪದೆ ಬಳಸಬಲ್ಲವನು ಒಬ್ಬನೇ, ಕವಳ ಹಾಕಿಕೊಂಡು ಗೇಟಿನ ಹೊರಗೆ ನಿಂತಿರುವ ಡ್ರೈವರ್. ಅವನ ಬೆನ್ನಹಿಂದಿನ ಗೋಡೆಯಲ್ಲಿ ‘ಇಲ್ಲಿ ಉಗುಳಬಾರದು’ ಎಂದು ಬರೆದಿದೆ.