ಸತ್ಯಾಂಶ: ರೇಡಿಯೇಟರ್ ಸೋರಿಕೆಗೆ ಅರಿಶಿನ ಶಾಶ್ವತ ಮದ್ದಲ್ಲ

"ರೇಡಿಯೇಟರ್ ಸೋರುತ್ತಿದೆಯಾ? ಎರಡು ಚಮಚ ಅರಿಶಿನ ಹಾಕಿ, ಗ್ಯಾರೇಜಿಗೆ ಹೋಗುವುದೇ ಬೇಡ." ಇಂಥ ಸಂದೇಶ ವಾಟ್ಸಾಪಿನಲ್ಲಿ ಓಡಾಡುತ್ತದೆ. ರೇಡಿಯೇಟರ್ ಅಂದರೆ ಎಂಜಿನ್ನಿನಲ್ಲಿ ಸುತ್ತುವ ಬಿಸಿನೀರನ್ನು ತಣ್ಣಗೆ ಮಾಡುವ ಭಾಗ. ಇದು ಅರ್ಧ ಮಾತ್ರ ನಿಜ.

ಅರಿಶಿನ ಹಳೇ ಮೆಕ್ಯಾನಿಕ್‌ಗಳ ಉಪಾಯವೇ. ಶಿರಾಡಿ ಘಾಟಿ ಹತ್ತಿ ಸಕಲೇಶಪುರ ಸೇರುವ ಮೊದಲೋ, ಚಾರ್ಮಾಡಿ ಏರಿ ಕೊಟ್ಟಿಗೆಹಾರ ಮುಟ್ಟುವ ಮೊದಲೋ ಗಾಡಿ ನಿಂತರೆ ಗ್ಯಾರೇಜು ಎಲ್ಲಿಂದ ತರುವುದು? ಪುಡಿ ನೀರಿನ ಜೊತೆ ಸುತ್ತುತ್ತದೆ. ಸೂಜಿಮೊನೆಯಷ್ಟು ತೂತಿದ್ದರೆ ಒಳಗಿನ ಒತ್ತಡ ಅದನ್ನು ಅಲ್ಲಿಗೇ ತಳ್ಳಿ ಮೆತ್ತಿಸುತ್ತದೆ. ಸೋರಿಕೆ ಕಡಿಮೆಯಾಗುತ್ತದೆ. ಆ ಜಾಣತನದ ಮೇಲೆ ನನಗೆ ತುಂಬಾ ಗೌರವ. ಆದರೆ ಅದು ಊರು ಮುಟ್ಟುವವರೆಗೆ ಮಾತ್ರ.

ತೂತು ಯಾವುದು, ನೀರಿನ ದಾರಿ ಯಾವುದು ಅಂತ ಪುಡಿಗೆ ಗೊತ್ತಾಗುವುದಿಲ್ಲ ಅಲ್ವಾ? ರೇಡಿಯೇಟರಿನ ಕೊಳವೆಗಳು ಬಹಳ ಸಣ್ಣವು. ಅಲ್ಲಿ ಮಡ್ಡಿ ಕಟ್ಟಿದರೆ ನೀರು ಹರಿಯದೆ ಎಂಜಿನ್ ವಿಪರೀತ ಬಿಸಿಯಾಗುತ್ತದೆ, ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಎರಡು ಭಾಗಗಳ ನಡುವಿನ ಸೀಲು) ಹೋಗಬಹುದು. ಆಗ ಖರ್ಚು ಇನ್ನೂ ಜಾಸ್ತಿ. ಹೋಸ್ (ನೀರು ಸಾಗಿಸುವ ರಬ್ಬರ್ ಪೈಪು) ಒಡೆದಿದ್ದರೆ ಅರಿಶಿನದಿಂದ ಏನೂ ಆಗುವುದಿಲ್ಲ.

ಸಂದೇಶದಲ್ಲಿ ಇಲ್ಲದ ಮುಖ್ಯ ಮಾತು: ಬಿಸಿ ಇರುವಾಗ ರೇಡಿಯೇಟರಿನ ಮುಚ್ಚಳ ತೆಗೆಯಲೇಬೇಡಿ. ಒತ್ತಡ ಇರುವುದರಿಂದ ಒಳಗಿನ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ಸಡಿಲಿಸಿದ ಕೂಡಲೇ ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ. ಎಂಜಿನ್ ನಿಲ್ಲಿಸಿ, ಕನಿಷ್ಠ ಅರ್ಧ ಗಂಟೆ ಸುಮ್ನೆ ಕಾಯಿರಿ.

ಅರಿಶಿನ ಹಾಕಿಯೇ ಬಂದಿದ್ದರೆ ಹಾಸನವೋ ಚಿಕ್ಕಮಗಳೂರೋ ತಲುಪಿದಾಗ ಅದನ್ನು ಮೆಕ್ಯಾನಿಕ್‌ಗೆ ಹೇಳಿ. ರೇಡಿಯೇಟರ್ ತೊಳೆಸಿ, ತೂತು ಸರಿಮಾಡಿಸಿ, ಹೊಸ ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ) ತುಂಬಿಸಿ.