ಲೆಕ್ಕಕ್ಕೆ ಸಿಗದ ಹದಿನೇಳು ದಿನ

ದೇಶಗಳನ್ನು ದಾಟಿ ಹೋಗುವ ದೂರದ ಬೈಕ್ ಪ್ರಯಾಣಕ್ಕೆ ತಯಾರಾಗುತ್ತಿರುವವರು ಟೈರು ಯಾವುದು, ಬ್ಯಾಗು ಯಾವುದು, ಟೆಂಟು ಯಾವುದು ಅಂತ ಕೇಳುತ್ತಾರೆ. ನಡುದಾರಿಯಲ್ಲಿ ಬೈಕು ಕೆಟ್ಟು ನಿಂತರೆ ಎಷ್ಟು ದಿನ ಕಾಯಬಹುದು ಅಂತ ಲೆಕ್ಕ ಹಾಕಿಕೊಂಡು ಬಂದವರನ್ನು ನಾನಿನ್ನೂ ನೋಡಿಲ್ಲ. ನಾನೂ ಹಾಕಿರಲಿಲ್ಲ. ಅದರಿಂದ ಏನಾಯಿತು ಅನ್ನೋದನ್ನು ಇವತ್ತು ಬರೆದುಬಿಡುತ್ತೇನೆ.

ನಾಲ್ಕು ದಿನ ಒಂದೇ ಸಮ ಕಲ್ಲುದಾರಿಯಲ್ಲಿ ಓಡಿಸಿದ ಮೇಲೆ ಹಿಂದಿನ ಚಕ್ರದಲ್ಲಿ ಮರಳು ಅರೆದ ಹಾಗೆ ಸದ್ದು ಶುರುವಾಯಿತು. ಸೆಂಟರ್ ಸ್ಟ್ಯಾಂಡ್ ಹಾಕಿ ಚಕ್ರ ಹಿಡಿದು ಅಲ್ಲಾಡಿಸಿದರೆ ಕಟಕಟ ಅಂತು. ಬೇರಿಂಗ್, ಅಂದರೆ ಎರಡು ರಿಂಗುಗಳ ನಡುವೆ ಗುಂಡುಗಳಿದ್ದು ಚಕ್ರ ಸಲೀಸಾಗಿ ತಿರುಗುವ ಹಾಗೆ ಮಾಡುವ ಭಾಗ, ಹೋಗಿತ್ತು. ಅದೇನೂ ದೊಡ್ಡ ಕಾಯಿಲೆಯಲ್ಲ. ಬೇರಿಂಗಿನ ಮೈಮೇಲೆಯೇ ನಂಬರು ಇರುತ್ತೆ. ನನ್ನದು 6204, ಅಂದರೆ ಒಳವ್ಯಾಸ 20 ಮಿಲಿಮೀಟರ್, ಹೊರವ್ಯಾಸ 47, ದಪ್ಪ 14. ಯಾವ ದೇಶಕ್ಕೆ ಹೋದರೂ ಈ ಅಳತೆ ಬದಲಾಗಲ್ಲ. ಬೈಕ್ ಅಂಗಡಿಯೇ ಬೇಕಂತಿಲ್ಲ, ಮೋಟಾರು, ಪಂಪು ರಿಪೇರಿ ಮಾಡುವವರ ಹತ್ತಿರವೂ ಸಿಗುತ್ತೆ. ನನಗೂ ಒಂದು ಗಂಟೆಯೊಳಗೆ ಸಿಕ್ಕಿತು.

ಕೆಟ್ಟಿದ್ದು ಅಲ್ಲಿಂದ ಮುಂದೆ. ವೀಸಾ ಮುಗಿಯೋಕೆ ಒಂಬತ್ತು ದಿನ ಉಳಿದಿತ್ತು, ಗಡಿ ಇನ್ನೂ ದೂರವಿತ್ತು. ನಾಳೆ ಸಂಜೆ ಬನ್ನಿ ಅಂದ ಮೆಕ್ಯಾನಿಕ್ಕಿಗೆ, ಇಲ್ಲ, ಇವತ್ತೇ ಆಗಬೇಕು ಅಂತ ದುಂಬಾಲು ಬಿದ್ದೆ. ಆತ ಹಬ್, ಅಂದರೆ ಬೇರಿಂಗ್ ಕೂರುವ ಚಕ್ರದ ನಡುಭಾಗ, ಬಿಸಿ ಮಾಡಿ ಹಿಗ್ಗಿಸುವ ಗೋಜಿಗೆ ಹೋಗದೆ, ಹೊಸ ಬೇರಿಂಗನ್ನು ಒಳರಿಂಗಿನ ಮೇಲೆ ಸುತ್ತಿಗೆಯಿಂದ ಬಡಿದು ಕೂರಿಸಿದ. ಹಾಗೆ ಬಡಿದರೆ ಏಟೆಲ್ಲ ಗುಂಡುಗಳ ಮೇಲೆ ಬಿದ್ದು, ಅವು ಉರುಳುವ ಜಾಡಿನಲ್ಲಿ ಕಣ್ಣಿಗೆ ಕಾಣದಂಥ ಕುಳಿಗಳಾಗುತ್ತವೆ. ಬಡಿಯಲೇಬೇಕಾದರೆ ಹೊರರಿಂಗಿನ ಅಳತೆಯ ಪೈಪೋ ಹಳೇ ಬೇರಿಂಗೋ ಇಟ್ಟು ಬಡಿಯಬೇಕು. ಎರಡು ಬೇರಿಂಗ್ ನಡುವೆ ಇರುವ ಸ್ಪೇಸರ್ ನೆಟ್ಟಗೆ ಕೂತಿದೆಯಾ ನೋಡಬೇಕು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಪಕ್ಕದಲ್ಲಿ ವಾಚು ನೋಡುತ್ತಾ ನಿಂತಿದ್ದೆ. ಹಾಗಾಗಿ ಆತನನ್ನು ದೂರೋಕೆ ನನಗೆ ಮನಸ್ಸು ಬರಲ್ಲ. ಅವಸರ ನನ್ನದು, ಸುತ್ತಿಗೆ ಮಾತ್ರ ಆತನದು.

ಮುನ್ನೂರೆಂಬತ್ತು ಕಿಲೋಮೀಟರ್ ಆದ ಮೇಲೆ ಅದೇ ಬೇರಿಂಗ್ ಜಾಮ್ ಆಯಿತು. ಈ ಸಲ ಹೊರರಿಂಗು ಹಬ್ಬಿನೊಳಗೇ ತಿರುಗಿ ಅಲ್ಯೂಮಿನಿಯಂ ಸವೆಸಿಬಿಟ್ಟಿತ್ತು. ಹೊಸ ಬೇರಿಂಗ್ ಇಟ್ಟರೆ ಬೆರಳಲ್ಲಿ ಒತ್ತಿದರೂ ಒಳಗೆ ಹೋಗುವಷ್ಟು ಸಡಿಲ. ಬೇರಿಂಗ್ ಎಲ್ಲ ಕಡೆ ಸಿಗುತ್ತೆ, ಹಬ್ ಹಾಗಲ್ಲ. ಅದು ಆ ಮಾಡೆಲ್ಲಿಗೆ ಮಾತ್ರ ಹೊಂದುವಂಥದ್ದು, ಬೇರೆ ದೇಶದಿಂದ ತರಿಸಬೇಕು. ಒಂದು ದಿನ ಉಳಿಸೋಕೆ ಹೋಗಿ ಹದಿನೇಳು ದಿನ ಕೂತೆ.

ಕೊರಿಯರ್ ಐದು ದಿನದಲ್ಲಿ ಬಂತು. ಉಳಿದ ದಿನಗಳೆಲ್ಲ ಕಸ್ಟಮ್ಸ್‌ನಲ್ಲಿ ಹೋದವು. ಆ ಹೊತ್ತಿಗೆ ನನ್ನ ವೀಸಾ ಮುಂದುವರಿಸಬೇಕಾಯಿತು. ಇಲ್ಲೊಂದು ವಿಷಯ ಹೊಸಬರಿಗೆ ಹೇಳಲೇಬೇಕು. ಪಾಸ್‌ಪೋರ್ಟಿನಲ್ಲಿ ನಿಮ್ಮ ಗಡುವು ಬೇರೆ, ಬೈಕಿನ ಕಾಗದದಲ್ಲಿ ಬೈಕಿನ ಗಡುವು ಬೇರೆ. ಕಾರ್ನೆಟ್ ಅನ್ನೋದು ಈ ವಾಹನವನ್ನು ಮಾರದೆ ವಾಪಸ್ ಹೊರಗೆ ಒಯ್ಯುತ್ತೇನೆ ಅನ್ನುವ ಖಾತ್ರಿ, ಸಾಮಾನ್ಯವಾಗಿ ಒಂದು ವರ್ಷದ್ದು. ಆದರೆ ಆಯಾ ದೇಶ ಒಳಗೆ ಬಿಟ್ಟುಕೊಳ್ಳುವಾಗ ಅದಕ್ಕಿಂತ ಕಡಿಮೆ ದಿನ ಕೊಡಬಹುದು. ಕೆಟ್ಟ ಬೈಕನ್ನು ಗ್ಯಾರೇಜಿನಲ್ಲಿ ಬಿಟ್ಟು ನಾವು ಮಾತ್ರ ಗಡಿ ದಾಟಿ ಬರೋಣ ಅಂದರೆ ಎಷ್ಟೋ ಕಡೆ ಬಿಡಲ್ಲ. ಇದರ ಮೇಲೆ ಹವೆ ಬೇರೆ. ತಜಿಕಿಸ್ತಾನದಲ್ಲಿ ಪಾಮಿರ್ ಹೆದ್ದಾರಿಯ ಅಕ್-ಬೈತಾಲ್ ಕಣಿವೆದಾರಿ 4655 ಮೀಟರ್ ಎತ್ತರದಲ್ಲಿದೆ. ಅಂಥ ದಾರಿಗೆ ಶರತ್ಕಾಲದಲ್ಲಿ ಎರಡು ವಾರ ತಡವಾಗಿ ಹೋದರೆ ಎದುರಿಗೆ ಹಿಮ.

ಮೊದಲ ನಾಲ್ಕು ದಿನ ಬೆಳಿಗ್ಗೆ ಸಂಜೆ ಗ್ಯಾರೇಜಿಗೆ ಹೋಗಿ ಯಾವಾಗ ಆಗುತ್ತೆ ಅಂತ ಕೇಳುತ್ತಿದ್ದೆ. ನಾಳೆ ಅನ್ನುತ್ತಿದ್ದರು. ಸುಳ್ಳು ಹೇಳುವ ಜನ ಅವರಲ್ಲ. ನನ್ನ ಮುಖ ನೋಡಿ ಸಮಾಧಾನಕ್ಕೆ ಹೇಳುತ್ತಿದ್ದರು. ಆಮೇಲೆ ಪ್ರಶ್ನೆ ಬದಲಾಯಿಸಿದೆ. ಯಾವ ಬಿಡಿಭಾಗಕ್ಕೆ ಕಾಯುತ್ತಿದ್ದೇವೆ, ಅದು ಈಗ ಎಲ್ಲಿದೆ, ಅದನ್ನು ಬಿಡಿಸೋಕೆ ಯಾರ ಸಹಿ ಬೇಕು. ಅವತ್ತಿನಿಂದ ನಿಜವಾದ ಉತ್ತರ ಬರತೊಡಗಿತು. ಅದೆಷ್ಟೇ ಕೆಟ್ಟ ಉತ್ತರವಾದರೂ ರಾತ್ರಿ ನಿದ್ದೆ ಬರುತ್ತಿತ್ತು.

ಕೈಕಟ್ಟಿ ಕೂರೋದೂ ಬೇಡ ಅನ್ನಿಸಿ ಒಂದೊಂದೇ ಬೋಲ್ಟು ಮುಟ್ಟುತ್ತಾ ಬಂದೆ. ಲಗೇಜ್ ಕ್ಯಾರಿಯರಿನ ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕು ಸಿಕ್ಕಿತು, ಅದು ಬಿಟ್ಟುಕೊಂಡಿದ್ದರೆ ಬ್ಯಾಗು ನೇರ ಚಕ್ರದ ಮೇಲೆ ಬೀಳುತ್ತಿತ್ತು. ಓಡಿಸುತ್ತಲೇ ಇದ್ದಿದ್ದರೆ ನನಗದು ಕಾಣುತ್ತಿರಲಿಲ್ಲ.

ಆ ದಿನಗಳಲ್ಲಿ ಎಲ್ಸ್‌ಪೆತ್ ಬಿಯರ್ಡ್ ಬಹಳ ನೆನಪಾದರು. 1982ರಲ್ಲಿ ಲಂಡನ್ ಬಿಟ್ಟು ಹಳೆಯ ಬಿಎಂಡಬ್ಲ್ಯೂ ಬೈಕಿನಲ್ಲಿ ಒಂಟಿಯಾಗಿ ಭೂಮಿ ಸುತ್ತಿದವರು. ಸಿಡ್ನಿಯಲ್ಲಿ ತಿಂಗಳುಗಟ್ಟಲೆ ನಿಂತು ವಾಸ್ತುಶಿಲ್ಪಿಗಳ ಕಚೇರಿಯಲ್ಲಿ ದುಡಿದರು, ಲಗೇಜ್ ಪೆಟ್ಟಿಗೆಗಳನ್ನು ತಾವೇ ಅಲ್ಯೂಮಿನಿಯಂ ತಗಡಿನಿಂದ ಮಾಡಿಕೊಂಡರು. ಥಾಯ್ಲೆಂಡಿನಲ್ಲಿ ನಾಯಿಗೆ ಗುದ್ದಿ ಬಿದ್ದಾಗ ಒಂದು ಬಡ ಕುಟುಂಬ ಅವರನ್ನು ಮನೆಯಲ್ಲಿಟ್ಟುಕೊಂಡು ಆರೈಕೆ ಮಾಡಿತು. ಇಷ್ಟು ದಿನಕ್ಕೆ ಇಷ್ಟು ಕಿಲೋಮೀಟರ್ ಅಂತ ಮುಖಪುಟದಲ್ಲಿ ಹಾಕಿಕೊಳ್ಳುವ ಈಗಿನ ನಮ್ಮ ಲೆಕ್ಕದಲ್ಲಿ ಆ ತಿಂಗಳುಗಳು ಎಲ್ಲಿ ಬರುತ್ತವೆ? ಈ ದಿನಗಣತಿಯ ಹುಚ್ಚೇ ಮೆಕ್ಯಾನಿಕ್ ತಲೆಮೇಲೆ ನಮ್ಮನ್ನು ನಿಲ್ಲಿಸುತ್ತಿದೆ ಅಂತ ನನಗೆ ಖಂಡಿತ ಅನ್ನಿಸುತ್ತೆ. ಈಗ ನಾನು ಹತ್ತು ದಿನದ ದಾರಿಗೆ ಎರಡು ದಿನ ಖಾಲಿ ಬಿಟ್ಟೇ ವೀಸಾಕ್ಕೆ ಅರ್ಜಿ ಹಾಕುವುದು. ಜೊತೆಗೆ ಚಕ್ರದ ಬೇರಿಂಗು, ಆಯಿಲ್ ಸೀಲು, ಕೇಬಲ್ಲು ಒಯ್ಯುತ್ತೇನೆ. ಅದಕ್ಕಿಂತ ಭಾರದ್ದು ಹೇರಿದರೆ ಕ್ಯಾರಿಯರ್ ಮುರಿಯುತ್ತೆ.

ಹದಿನಾರನೇ ದಿನ ಮಧ್ಯಾಹ್ನ ಹಬ್ ಬಂತು. ಸಂಜೆಯೊಳಗೆ ಜೋಡಿಸಿಬಿಡಬಹುದಿತ್ತು. ಈ ಎರಡನೇ ಮೆಕ್ಯಾನಿಕ್ ಬೇರಿಂಗುಗಳನ್ನು ರಾತ್ರಿಯೆಲ್ಲ ಫ್ರೀಜರಿನಲ್ಲಿ ಇಡೋಣ, ಬೆಳಿಗ್ಗೆ ಹಬ್ ಬಿಸಿ ಮಾಡಿ ಕೂರಿಸೋಣ ಅಂದರು. ಆಗಲಿ ಅಂದೆ. ಮರುದಿನ ಸುತ್ತಿಗೆ ಮುಟ್ಟಬೇಕಾಗಲೇ ಇಲ್ಲ. ಬೇರಿಂಗ್ ತಾನಾಗಿಯೇ ಜಾರಿ ಟಕ್ ಅಂತ ಕೂತಿತು.