ಕೆಂಪು ಗೆರೆಗೆ ಕತ್ತರಿ

ಉಗುಳು ನುಂಗಿದರೆ ಗಂಟಲು ನೋಯುತ್ತೆ ಅಂತ ಮೆಡಿಕಲ್ ಶಾಪಿನಲ್ಲಿ ಹೇಳಿ ನೋಡಿ. ಮಾತು ಮುಗಿಯುವುದರೊಳಗೆ ಅಜಿಥ್ರೋಮೈಸಿನ್ ಐನೂರು ಅನ್ನೋ ಆ್ಯಂಟಿಬಯೋಟಿಕ್ ಮಾತ್ರೆ ಮುಂದಿರುತ್ತದೆ. ‘ದಿನಕ್ಕೊಂದು ಸಾರ್, ಮೂರು ದಿನ.’ ಎಂಬಿಬಿಎಸ್ ಹುಡುಗರು ಐದೂವರೆ ವರ್ಷ ಸುಮ್ಮನೆ ಹಾಳುಮಾಡಿಕೊಳ್ಳುತ್ತಾರೆ. ಕೌಂಟರಿನ ಹುಡುಗ ಹೆಲ್ಮೆಟ್ ತೆಗೆಯದ ಗಿರಾಕಿಯ ಗಂಟಲನ್ನೂ ರಸ್ತೆಯಾಚೆಯಿಂದಲೇ ಪರೀಕ್ಷಿಸಬಲ್ಲ!

ಮಾತ್ರೆಯ ಪಟ್ಟಿಯ ಮೇಲೊಂದು ಕೆಂಪು ಗೆರೆ ಇರುತ್ತದೆ. ಡಾಕ್ಟರ್ ಚೀಟಿ ಇಲ್ಲದೆ ನುಂಗಬೇಡಿ ಅಂತ ಅದರರ್ಥ. 2016ರಲ್ಲಿ ಕೇಂದ್ರ ಸರ್ಕಾರ ಅದಕ್ಕೊಂದು ಪ್ರಚಾರವನ್ನೂ ಮಾಡಿತ್ತು. ಹುಡುಗ ಕತ್ತರಿ ಹಾಕಿದಾಗ ಆ ಗೆರೆಯೂ ತುಂಡು, ಮಾತ್ರೆಯ ಹೆಸರೂ ತುಂಡು. ಎಕ್ಸ್‌ಪೈರಿ ತಾರೀಖು ಅಂಗಡಿಯ ಡಬ್ಬಿಯಲ್ಲೇ ಉಳಿಯುತ್ತದೆ.

ಮನೆಯಲ್ಲಿ ಬೇರೆಯದೇ ತನಿಖೆ. ‘ರಾತ್ರಿ ಮೊಸರು ತಿಂದ್ಯಾ? ಫ್ರಿಜ್ ನೀರು ಕುಡಿದ್ಯಾ? ತಲೆಗೆ ನೀರು ಹಾಕ್ಕೊಂಡು ಫ್ಯಾನ್ ಕೆಳಗೆ ಮಲಗಿದ್ಯಾ?’ ಪಕ್ಕದ ಮನೆ ಆಂಟಿ ಜೇಷ್ಠಮಧು ತರುತ್ತಾರೆ. ಅತ್ತೆಯ ಮೆಣಸಿನ ಕಷಾಯ ಕುಡಿದರೆ ಗಂಟಲ ನೋವು ಮರೆತೇ ಹೋಗುತ್ತದೆ, ಹೊಟ್ಟೆ ಉರಿಯುತ್ತಿರುತ್ತದಲ್ಲ. ಆಫೀಸಿನಲ್ಲಿ ಮುಖಕ್ಕೇ ಕೆಮ್ಮಿದ ಸಹೋದ್ಯೋಗಿಯನ್ನು ಯಾರೂ ವಿಚಾರಿಸುವುದಿಲ್ಲ. ಅಗೆದು ಬಿಟ್ಟುಹೋದ ರಸ್ತೆಯ ಧೂಳಿಗಂತೂ ಮೊದಲೇ ಜಾಮೀನು.

ಗಂಟಲು ನೋವು ಬಹುಪಾಲು ವೈರಸ್ಸಿನದು. ಆ್ಯಂಟಿಬಯೋಟಿಕ್ ಅದರ ಕೂದಲೂ ಕೊಂಕಿಸುವುದಿಲ್ಲ. ಉಪ್ಪುನೀರಲ್ಲಿ ಮುಕ್ಕಳಿಸಿ, ನೋವಿಗೆ ಪ್ಯಾರಾಸಿಟಮಾಲ್ ನುಂಗಿ ಕೂತರೂ ವಾರದೊಳಗೆ ಹೋಗುತ್ತದೆ. ಕೀರ್ತಿ ಮಾತ್ರ ಅಜಿಥ್ರೋಗೆ.

ತಮಾಷೆ ಸಾಕು. ಮಕ್ಕಳಿಗೆ ಕೆಲವೊಮ್ಮೆ ಬರುವುದು ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದ ಸೋಂಕು: ಜ್ವರ, ಟಾನ್ಸಿಲ್ ಮೇಲೆ ಬಿಳಿ ಕೀವು, ಕತ್ತಿನಲ್ಲಿ ಗಡ್ಡೆ, ಆದರೆ ಕೆಮ್ಮಿರುವುದಿಲ್ಲ. ಅದಕ್ಕೆ ಡಾಕ್ಟರು ನೋಡಿ ಸಾಮಾನ್ಯವಾಗಿ ಪೆನಿಸಿಲಿನ್ನೋ ಅಮಾಕ್ಸಿಸಿಲಿನ್ನೋ ಬರೆಯುತ್ತಾರೆ, ಪೂರ್ತಿ 10 ದಿನ ನುಂಗಬೇಕು. ಅರ್ಧಕ್ಕೆ ಬಿಟ್ಟರೆ ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟವೇ ಕೆಡಬಹುದು. ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಯಲ್ಲಿ ಬಲೂನ್ ಹಾಕಿ ಕಿರಿದಾದ ಕವಾಟ ಅಗಲಿಸಿಕೊಳ್ಳುವವರಲ್ಲಿ ಎಷ್ಟೋ ಜನರ ಕಾಯಿಲೆ ಶುರುವಾಗಿದ್ದು ಬಾಲ್ಯದ ಇಂಥದೇ ಗಂಟಲು ನೋವಿನಿಂದ. ಬೇಡದವರಿಗೆ ಮಾತ್ರೆ ಸುರಿಯುತ್ತೇವೆ, ಬೇಕಾದ ಮಗುವಿನ ಬಾಯಿ ತೆಗೆಸಿ ನೋಡುವವರಿಲ್ಲ. ಬ್ಯಾಕ್ಟೀರಿಯಾಗಳು ಈ ಮಾತ್ರೆಗಳಿಗೆ ಪಳಗುತ್ತಲೇ ಇವೆ. ಹೇಳಿ ಹೇಳಿ ಡಾಕ್ಟರುಗಳಿಗೇ ಬೇಜಾರಾಗಿದೆ.

ಪಕ್ಕದ ಕೇರಳದಲ್ಲಿ 2024ರಲ್ಲಿ ಆಪರೇಷನ್ ಅಮೃತ್ ಅಂತ ಹೆಸರಿಟ್ಟು, ಚೀಟಿ ಇಲ್ಲದೆ ಆ್ಯಂಟಿಬಯೋಟಿಕ್ ಮಾರುವ ಅಂಗಡಿಗಳ ಮೇಲೆ ದಾಳಿಗಿಳಿದರು. ನಮ್ಮ ಬೀದಿಯಲ್ಲೇನಾದರೂ ಹಾಗಾದರೆ ಅಂಗಡಿಯವನ ಪರ ಮೊದಲು ಧರಣಿ ಕೂರುವವರು ನಾವೇ. ಗಂಟಲು ಹರಿಯುವಂತೆ ಧಿಕ್ಕಾರವನ್ನೂ ಕೂಗುತ್ತೇವೆ.